ಪಿಸ್ತೂಲಿನ ಹುಟ್ಟುದೋಷ

ಕೊಂಡ ವಸ್ತು ಕೆಟ್ಟದ್ದಾದರೆ ಹೋಗುವುದು ಹಣವೊಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಬ್ಬಿನ ಗಾಣದ ಹಲ್ಲು ಮುರಿದರೆ ಒಂದು ದಿನದ ಬೆಲ್ಲ ನಿಂತೀತು. ನೀರೆತ್ತುವ ಪಂಪು ಕೈಕೊಟ್ಟರೆ ಒಂದು ಮಡಿ ಒಣಗೀತು. ಮಂಡ್ಯದಲ್ಲಿಯೋ ಮದ್ದೂರಿನಲ್ಲಿಯೋ ಲೇತು ಇಟ್ಟುಕೊಂಡಿರುವ ಮೇಸ್ತ್ರಿ ಸಂಜೆಯೊಳಗೆ ಅದನ್ನು ಸರಿಪಡಿಸಿ ಕೊಟ್ಟಾನು. ಪಿಸ್ತೂಲಿನ ಮಾತು ಬೇರೆ. ಹಾರಬೇಕಾದಾಗ ಅದು ಹಾರದಿದ್ದರೆ ಕೊಂಡವನ ಪ್ರಾಣಕ್ಕೆ ಅಪಾಯ. ಹಾರಬಾರದಾಗ ಹಾರಿದರೆ ಮನೆಮಂದಿಯ ಪ್ರಾಣಕ್ಕೆ ಅಪಾಯ. ಮೇಲಾಗಿ, ಪರವಾನಗಿಯಿಲ್ಲದ ಮೇಸ್ತ್ರಿಯ ಕೈಗೆ ಅದನ್ನು ರಿಪೇರಿಗೆಂದು ಕೊಡುವುದೂ ಅಪರಾಧವೇ.

ಈ ಸೀಮೆಗೆ ಮದ್ದುಗುಂಡಿನ ಪರಿಚಯ ಹೊಸದಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಕದನ ನಡೆಯಿತು. ಅಂದಿನದು ಚಕಮಕಿ ಬಂದೂಕು. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು. ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ತಾಗಬೇಕು. ಆ ಉರಿ ಸಣ್ಣ ರಂಧ್ರವನ್ನು ಹಾಯ್ದು ನಳಿಗೆಯೊಳಗಿನ ಮದ್ದನ್ನು ಮುಟ್ಟಬೇಕು. ಮೂರರಲ್ಲಿ ಒಂದು ತಪ್ಪಿದರೂ ಬಂದೂಕು ಮೂಕ. ಇಂಥ ಆಯುಧಗಳನ್ನೇ ಶ್ರೀರಂಗಪಟ್ಟಣದ ಕುಶಲಿಗಳು ಬಹು ನಾಜೂಕಾಗಿ ತಯಾರಿಸುತ್ತಿದ್ದರು. ಟಿಪ್ಪುವಿಗಾಗಿ ಮಾಡಿದ ಬಂದೂಕು ಪಿಸ್ತೂಲುಗಳ ಮೇಲೆ ಊರು, ವರ್ಷ, ಹಲವೆಡೆ ಮಾಡಿದವನ ಹೆಸರೂ ಉಂಟು. ಅವುಗಳಲ್ಲಿ ಕೆಲವು 2015ರಲ್ಲಿ ಲಂಡನ್ನಿನ ಹರಾಜಿಗೆ ಬಂದುವು. ಆಯುಧದ ಮೇಲೆ ಹೆಸರು ಬರೆಯುವುದೆಂದರೆ ಅದರ ಹೊಣೆಯನ್ನು ಹೊರುವುದು. 1959ರ ಶಸ್ತ್ರಾಸ್ತ್ರ ಅಧಿನಿಯಮದ 8ನೆಯ ಕಲಮು, ತಯಾರಕನ ಹೆಸರಾಗಲಿ ಗುರುತಿನ ಸಂಖ್ಯೆಯಾಗಲಿ ಇಲ್ಲದ ಬಂದೂಕನ್ನು ಮಾರಬಾರದೆಂದು ವಿಧಿಸಿರುವುದು ಇದೇ ನ್ಯಾಯದ ಮುಂದುವರಿಕೆ.

ಇಂದಿನ ಪಿಸ್ತೂಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಕೆಲಸಗಳು ನಡೆದುಹೋಗುತ್ತವೆ. ಫೈರಿಂಗ್ ಪಿನ್ನು ತೋಟಾದ ಬೆನ್ನಿಗೆ ಬಡಿಯುತ್ತದೆ, ಗುಂಡು ಹೊರಡುತ್ತದೆ, ಮೇಲಿನ ಸ್ಲೈಡು ಹಿಂದೆ ಸರಿಯುತ್ತದೆ, ಕೊಕ್ಕೆಯೊಂದು ಬರಿದಾದ ತೋಟಾವನ್ನು ಎಳೆದು ಹೊರಗೆಸೆಯುತ್ತದೆ, ಸ್ಪ್ರಿಂಗು ಸ್ಲೈಡನ್ನು ಮುಂದೆ ತಳ್ಳಿದಾಗ ಮ್ಯಾಗಜೀನಿನಿಂದ ಹೊಸ ತೋಟಾ ಮೇಲೇರುತ್ತದೆ. ಪಿನ್ನು ಕೂದಲೆಳೆಯಷ್ಟು ಮೋಟಾದರೆ ಗುಂಡು ಹಾರದು. ಕೊಕ್ಕೆಯ ಉಕ್ಕು ಹದಗೆಟ್ಟಿದ್ದರೆ ಖಾಲಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತದೆ. ಮ್ಯಾಗಜೀನಿನ ತುಟಿ ತುಸು ಬಾಗಿದ್ದರೆ ತೋಟಾ ಓರೆಯಾಗಿ ನಿಲ್ಲುತ್ತದೆ. ಇವೆಲ್ಲ ಕೊಂಡವನ ಕೈಯ ತಪ್ಪಲ್ಲ. ಕಾರ್ಖಾನೆಯಿಂದಲೇ ಬಂದ ಹುಟ್ಟುದೋಷಗಳು.

ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಕೆಲವು ದೋಷಗಳು ಒಂದೊಂದು ಆಯುಧಕ್ಕೆ ಸೇರಿದವು. ಇನ್ನು ಕೆಲವು ಇಡೀ ಮಾದರಿಗೇ ಅಂಟಿದವು. ಎರಡನೆಯ ಮಹಾಯುದ್ಧ ಕಾಲದ ಜಪಾನಿನ 94ನೆಯ ಮಾದರಿಯ ಪಿಸ್ತೂಲಿನ ಪಕ್ಕದಲ್ಲಿದ್ದ ಪಟ್ಟಿಯನ್ನು ಒತ್ತಿದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದಾಗಿತ್ತು. 2017ರಲ್ಲಿ ಅಮೆರಿಕದಲ್ಲಿ, ಕೆಳಗೆ ಬಿದ್ದಾಗ ಸಿಗ್ ಸವರ್ ಪಿ 320 ಪಿಸ್ತೂಲು ಹಾರಬಹುದೆಂದು ಪರೀಕ್ಷೆಗಳಲ್ಲಿ ಕಂಡುಬಂದಾಗ, ಕಂಪನಿಯು ಆಗಲೇ ಮಾರಿದ್ದವುಗಳನ್ನು ತಿದ್ದಿಕೊಡಲು ಮುಂದಾಯಿತು. ಹೆಸರಾಂತ ತಯಾರಕರೂ ತಪ್ಪಿಗೆ ಹೊರತಲ್ಲ.

ಹಾಗಾದರೆ ಕೊಂಡವನು ಮಾಡಬೇಕಾದ್ದೇನು? ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ಪಿಸ್ತೂಲಿನ ಬಾಯಿಯನ್ನು ನಿರಪಾಯದ ದಿಕ್ಕಿಗೇ ಹಿಡಿದು 30 ಸೆಕೆಂಡಾದರೂ ಕಾಯಬೇಕು. ತಡವಾಗಿ ಸಿಡಿಯುವ ತೋಟಾಗಳೂ ಉಂಟು. ಶಬ್ದ ಎಂದಿಗಿಂತ ಕ್ಷೀಣವಾಗಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಬೆನ್ನಿಗೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಒಡೆದೀತು. ಎಲ್ಲಕ್ಕಿಂತ ಮುಖ್ಯವಾಗಿ, ಅರ ಹಿಡಿದು ತಾನೇ ಉಜ್ಜಲು ಕೂಡದು. ದುರಸ್ತಿಗೂ ಪರೀಕ್ಷೆಗೂ ಪರವಾನಗಿ ಬೇಕೆಂದು ಮೇಲಿನ ಅಧಿನಿಯಮದ 5ನೆಯ ಕಲಮು ಹೇಳುತ್ತದೆ. ಕೊಂಡವನೇ ಬದಲಾಯಿಸಿದ ವಸ್ತುವಿನಿಂದಾದ ಹಾನಿಗೆ ಮಾರಾಟಗಾರನ ಮೇಲೆ ದಾವೆ ನಿಲ್ಲದೆಂದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ಹೇಳುತ್ತದೆ. ಅರದ ಒಂದು ಗೀರು ನ್ಯಾಯದ ಬಾಗಿಲನ್ನೇ ಮುಚ್ಚಬಲ್ಲುದು. ಆದ್ದರಿಂದ ದಿನಾಂಕವನ್ನೂ ದೋಷದ ಬಗೆಯನ್ನೂ ಬರೆದಿಟ್ಟು, ರಸೀತಿಯೊಡನೆ ಮಾರಿದ ಅಂಗಡಿಗೆ ಹಿಂದಿರುಗಿಸಿ, ಲಿಖಿತ ಸ್ವೀಕೃತಿಯನ್ನು ಪಡೆಯುವುದೇ ಕ್ಷೇಮ. ಬದಲಿ ಪಿಸ್ತೂಲು ಬಂದರೆ ಅದರ ಸಂಖ್ಯೆ ಪರವಾನಗಿಯಲ್ಲಿ ದಾಖಲಾಗಬೇಕೆಂಬುದನ್ನೂ ಮರೆಯಬಾರದು.

ಅಮೆರಿಕದಲ್ಲಿ 1972ರಲ್ಲಿ ಆದ ಗ್ರಾಹಕ ವಸ್ತು ಸುರಕ್ಷತೆಯ ಕಾನೂನು ಬಂದೂಕುಗಳನ್ನು ತನ್ನ ಹೊರಗೇ ಇಟ್ಟಿತು. ನಮ್ಮಲ್ಲಿ ಹಾಗಿಲ್ಲ, 2019ರ ಅಧಿನಿಯಮದ ದೃಷ್ಟಿಯಲ್ಲಿ ಎಲ್ಲ ಚರವಸ್ತುಗಳೂ ಸರಕೇ. ಈಶಾಪುರದ, ಕಾನ್ಪುರದ ಸರ್ಕಾರಿ ಕಾರ್ಖಾನೆಗಳಿಂದ ಬಂದುದಾದರೂ ಸರಿ, ಖಾಸಗಿ ತಯಾರಕರದಾದರೂ ಸರಿ, ತಯಾರಿಕೆಯ ದೋಷಕ್ಕೆ ತಯಾರಕನೇ ಹೊಣೆ. ಮೊದಲಾದರೆ ಸಾಮಾನ್ಯವಾಗಿ ಎದುರುಪಕ್ಷದ ಊರಿಗೋ ವ್ಯಾಜ್ಯಕಾರಣ ಹುಟ್ಟಿದ ಊರಿಗೋ ಹೋಗಬೇಕಾಗಿತ್ತು. ಈಗ ಮಳವಳ್ಳಿಯ ನಿವಾಸಿ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಅದಕ್ಕೆ ಎರಡು ವರ್ಷಗಳ ಅವಧಿಯಿದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದಾದರೆ ಆಯೋಗವು ವಸ್ತುವನ್ನು ತಕ್ಕ ಪ್ರಯೋಗಶಾಲೆಗೆ ಕಳಿಸುತ್ತದೆ. ವರದಿ 45 ದಿನಗಳಲ್ಲಿ ಬರಬೇಕೆಂಬುದು ನಿಯಮ.

ಕಾನೂನು ಇಷ್ಟು ಸುಗಮವಾಗಿದ್ದರೂ ಅದಕ್ಕೆ ಎದುರು ನಿಲ್ಲುವುದು ಮನುಷ್ಯಸ್ವಭಾವ. ತನ್ನ ಪಿಸ್ತೂಲು ಹಾರುವುದಿಲ್ಲವೆಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಆಯುಧದ ಬಲದ ಬಹುಪಾಲು ಇರುವುದು ಅದು ಹಾರುತ್ತದೆಂಬ ಲೋಕದ ನಂಬಿಕೆಯಲ್ಲಿ. ಆ ನಂಬಿಕೆ ಕೆಡಬಾರದೆಂದು ಒಡೆಯನು ಕೆಟ್ಟ ಪಿಸ್ತೂಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಆದರೆ ಅದೇ ಕಾರ್ಖಾನೆಯಿಂದ ಅದೇ ವಾರ ಹೊರಬಿದ್ದ, ಅದೇ ಕೆಟ್ಟ ಉಕ್ಕಿನ ಕೊಕ್ಕೆಯುಳ್ಳ ಇನ್ನೊಂದು ಪಿಸ್ತೂಲು ಮತ್ತೊಬ್ಬರ ಮನೆಯಲ್ಲಿ ಇದ್ದೀತು. ಇವನ ಮೌನದ ಬೆಲೆಯನ್ನು ಅವರು ತೆರಬೇಕಾಗಬಹುದು.