ತಪ್ಪಿಸಿದ ಹೊಗೆ ಯಾರ ಖಾತೆಗೆ?

ನಾನು ಹೊಸೂರಿನವನು, ಹಾಗಾಗಿ ಉದಾಹರಣೆಯೂ ಇಲ್ಲಿಯದೇ. ಟಿವಿಎಸ್ ಗಾಡಿಗಳ ಊರಿದು; 2021ರಿಂದ ಏಥರ್ ಕರೆಂಟ್ ಸ್ಕೂಟರುಗಳೂ ಇಲ್ಲೇ ತಯಾರಾಗುತ್ತಿವೆ. 'ನಾವು ಬಿಡೋ ಹೊಗೆಗಿಂತ ನಮ್ಮ ಗಾಡಿ ಉಳಿಸೋದೇ ಜಾಸ್ತಿ' ಅಂತ ಯಾವುದೋ ತಯಾರಕರು ಹೇಳಿದರು ಅಂತಿಟ್ಟುಕೊಳ್ಳಿ. ಅದನ್ನು ತೂಗೋದು ಹೇಗೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಓಡುವ ಸ್ಕೂಟರಿಗೆ ಕಿಲೋಮೀಟರಿಗೆ 50 ಗ್ರಾಂ ಚಿಲ್ಲರೆ. ಕರೆಂಟ್ ಗಾಡಿಯದೂ ಸೊನ್ನೆ ಅಲ್ಲ. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಹಿಂದೆ ಸುಮಾರು 0.7 ಕಿಲೋ ಇದೆ, ಕಲ್ಲಿದ್ದಲಿನ ದಯೆ! ಯೂನಿಟ್ಟಿಗೆ 28 ಕಿ.ಮೀ. ಓಡಿದರೆ 25 ಗ್ರಾಂ. ಉಳಿಯೋದು ಇನ್ನೊಂದು 25. ಬ್ಯಾಟರಿ ತಯಾರಿಕೆಗೇ 250 ಕಿಲೋ ಹಿಡಿದರೆ, ಆ ಸಾಲ ತೀರೋಕೆ 10,000 ಕಿ.ಮೀ. ಓಡಬೇಕು. ದಿನಾ ಓಡಿಸುವವರಿಗೆ ಅದೇನು ದೊಡ್ಡದಲ್ಲ.

ಆದರೆ ಈ ಲೆಕ್ಕ ನಿಂತಿರೋದು ಒಂದು ಊಹೆಯ ಮೇಲೆ: ಕೊಂಡವರು ಇಲ್ಲದಿದ್ದರೆ ಪೆಟ್ರೋಲ್ ಗಾಡಿಯನ್ನೇ ಕೊಳ್ಳುತ್ತಿದ್ದರು ಅನ್ನೋದು. ನಿನ್ನೆವರೆಗೂ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಕೆಲಸಕ್ಕೆ ಹೋಗುತ್ತಿದ್ದವರು ಕೊಂಡರೆ? ಉಳಿತಾಯದ ಜಾಗದಲ್ಲಿ ಖರ್ಚೇ ಬೀಳುತ್ತದೆ.

ಇನ್ನೊಂದು ತೊಡಕು: ಅದೇ 25 ಗ್ರಾಮನ್ನು ಬ್ಯಾಟರಿ ಮಾಡಿದವರು, ಗಾಡಿ ಜೋಡಿಸಿದವರು, ಓಡಿಸುವವರು ಮೂವರೂ ತಮ್ಮದು ಅಂತ ಬರೆದುಕೊಳ್ಳಬಹುದು. ಆದ್ದರಿಂದಲೇ ಜಿಎಚ್‌ಜಿ ಪ್ರೋಟೋಕಾಲ್ 'ತಪ್ಪಿಸಿದ' ಹೊಗೆಯನ್ನು ಬೇರೆಯಾಗಿಯೇ ತೋರಿಸಿ ಅನ್ನುತ್ತದೆ. ಕಂಪನಿಯ ಸ್ವಂತ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ನನಗೂ ಇದೇ ಸರಿ ಅನಿಸುತ್ತೆ. ಕಾರ್ಖಾನೆಯ ಜನರೇಟರಿಗೆ ಹಾಕಿದ ಡೀಸೆಲ್ಲಿಗೆ ಬಿಲ್ ಇದೆ, ಉಳಿತಾಯಕ್ಕೆ ಇರೋದು ಅಂದಾಜು.