ಗಡುವು ಮುಂದೆ ಹೋದರೆ ಸಾಲ ಹೋದೀತೆ?

ಸಾಲ, ಬಡ್ಡಿಗಳ ಬಗ್ಗೆ ಮಾತುಕತೆಗೆ ಕುಳಿತಾಗಲೆಲ್ಲ ವಿದ್ಯಾರ್ಥಿ ಮಿತ್ರರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಆರು ತಿಂಗಳು ಕಂತು ಕಟ್ಟಬೇಕಾಗಿಲ್ಲ’ ಎಂದು ಬ್ಯಾಂಕು ಹೇಳಿದರೆ ಅಷ್ಟು ಸಾಲ ಹೋದಂತೆಯೇ ಅಲ್ಲವೇ? ಅಲ್ಲ. ಏಕೆ ಅಲ್ಲ ಎಂದು ತಿಳಿಯಲು ಬ್ಯಾಂಕಿಗೆ ಹೋಗುವ ಮೊದಲು ನಮ್ಮ ಬೀದಿಯ ಕಿರಾಣಿ ಅಂಗಡಿಗೆ ಹೋಗಿಬರೋಣ.

ತಿಂಗಳ ಸಾಮಾನನ್ನು ಲೆಕ್ಕಕ್ಕೆ ಬರೆಸಿ ಒಯ್ಯುವ ಮನೆಯವರಿಗೆ ಒಂದನೆಯ ತಾರೀಖು ದುಡ್ಡು ಹೊಂದಲಿಲ್ಲ ಎನ್ನಿ. ‘ಸಂಬಳ ತಡವಾಗಿದೆ ಶೆಟ್ರೇ, ಹದಿನೈದಕ್ಕೆ ಕೊಡ್ತೀವಿ’ ಎನ್ನುತ್ತಾರೆ. ‘ಆಗಲಿ ಬಿಡಿ ಅಕ್ಕಾ’ ಎಂದು ಅಂಗಡಿಯವರು ಪುಸ್ತಕ ಮುಚ್ಚುತ್ತಾರೆ. ಮುಚ್ಚುತ್ತಾರೆಯೇ ಹೊರತು ಅದರಲ್ಲಿ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಕೇಳುವ ಹಕ್ಕು ಕೈಯಲ್ಲಿದ್ದರೂ ಇವತ್ತು ಕೇಳದೆ ಇರುವುದು ಸೈರಣೆ. ಹಕ್ಕನ್ನೇ ಬಿಟ್ಟುಕೊಡುವುದು ಮನ್ನಾ. ಕೇಳುವ ಶಕ್ತಿಯೇ ಇಲ್ಲದೆ ಸುಮ್ಮನಿರುವುದು ಇವೆರಡೂ ಅಲ್ಲ, ಬರಿಯ ಅಸಹಾಯಕತೆ. ಹಾಸ್ಟೆಲಿನಲ್ಲಿ ಹಿರಿಯ ಹುಡುಗರ ಕಾಟವನ್ನು ನುಂಗಿಕೊಂಡಿರುವವನಿಗೆ ‘ಸ್ವಲ್ಪ ತಾಳ್ಮೆ ಇರಲಿ’ ಎಂದು ಉಪದೇಶಿಸುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ಅಂಗಡಿಯವರ ಸೈರಣೆಗೂ ಒಂದು ಬೆಲೆಯುಂಟು. ಸಗಟು ವ್ಯಾಪಾರಿಗೆ ಕೊಡಬೇಕಾದ ಹಣವನ್ನು ಆ ಹದಿನೈದು ದಿನ ಅವರು ಬೇರೆಲ್ಲಿಂದಲೋ ಹೊಂದಿಸಬೇಕು. ನಾಳೆಯೂ ಮುಖ ನೋಡಬೇಕಾದ ನೆರೆಹೊರೆಯವರೆಂದು ಆ ಹೊರೆಯನ್ನು ತಾವೇ ಹೊರುತ್ತಾರೆ. ಬ್ಯಾಂಕಿನ ಲೆಕ್ಕ ಬೇರೆ. ಠೇವಣಿ ಇಟ್ಟವರಿಗೆ ಅದು ಬಡ್ಡಿ ಕೊಡುತ್ತಲೇ ಇರಬೇಕು. ಆದ್ದರಿಂದ ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ.

ಇದು ದೇಶಕ್ಕೆಲ್ಲ ಅರಿವಾದದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಮೂರು ತಿಂಗಳ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಒಟ್ಟು ಆರು ತಿಂಗಳು. ಕೆಲಸ ಕಳೆದುಕೊಂಡವರಿಗೆ, ಅಂಗಡಿ ಮುಚ್ಚಿದವರಿಗೆ ಅದು ನಿಜಕ್ಕೂ ಉಸಿರಾಡಲು ಸಿಕ್ಕ ಬಿಡುವು. ಈಗ ಪೆನ್ಸಿಲ್ ಹಿಡಿಯಿರಿ. ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ಶೇ. 1ರ ಬಡ್ಡಿಗೆ 1 ಲಕ್ಷ ರೂಪಾಯಿ ಸಾಲ, 24 ಕಂತು ಎಂದುಕೊಳ್ಳೋಣ. ಕಂತು ಸುಮಾರು 4,707 ರೂಪಾಯಿ. ಮೊದಲ ಆರು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿ ಅಸಲಿಗೆ ಸೇರುತ್ತ ಬಾಕಿ 1,06,152 ರೂಪಾಯಿಗೆ ಏರುತ್ತದೆ. ಅದನ್ನು 24 ಕಂತುಗಳಲ್ಲೇ ತೀರಿಸಲು ತಿಂಗಳಿಗೆ ಸುಮಾರು 4,997 ರೂಪಾಯಿ ಬೇಕು. ಒಟ್ಟಾರೆ ಸುಮಾರು 6,950 ರೂಪಾಯಿ ಹೆಚ್ಚು. ಬಿಡುವಿನ ಬೆಲೆ ಇದು.

ಬಡ್ಡಿಯ ಮೇಲೆ ಬಡ್ಡಿ ಹಾಕುವುದು ಸರಿಯೇ ಎಂದು ಸಾಲಗಾರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿ ಮತ್ತು ಸರಳ ಬಡ್ಡಿಗಳ ಅಂತರವನ್ನು ತಾನೇ ತುಂಬಿಕೊಡಲು ಒಪ್ಪಿತು. 2021ರ ಮಾರ್ಚ್ 23ರ ತೀರ್ಪು ಸಾಲದ ಮೊತ್ತ ಎಷ್ಟೇ ಇರಲಿ, ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಕೂಡದು ಎಂದಿತು. ಆದರೆ ಬಡ್ಡಿಯನ್ನು ಪೂರ್ತಿ ಮನ್ನಾ ಮಾಡಲು ಒಪ್ಪಲಿಲ್ಲ. ನಮ್ಮ ಉದಾಹರಣೆಯಲ್ಲಿ ಆರು ತಿಂಗಳ ಸರಳ ಬಡ್ಡಿಯೇ 6,000 ರೂಪಾಯಿ. ಉಳಿದದ್ದು 152 ರೂಪಾಯಿ. ಅಷ್ಟೊಂದು ಸುದ್ದಿ ಮಾಡಿದ ಪರಿಹಾರ ಸಣ್ಣ ಸಾಲಗಾರನಿಗೆ ತಂದದ್ದು ಇಷ್ಟು!

ಬ್ಯಾಂಕುಗಳಿಗೂ ಮೇಲಿನವರ ಸೈರಣೆ ಸಿಗುವುದುಂಟು. ಸಾಮಾನ್ಯವಾಗಿ 90 ದಿನ ಮೀರಿ ಬಾಕಿ ಉಳಿದ ಸಾಲವನ್ನು ‘ಎನ್‌ಪಿಎ’, ಅಂದರೆ ಆದಾಯ ತಾರದ ಸಾಲ ಎಂದು ತೋರಿಸಬೇಕು. 2008ರ ಜಾಗತಿಕ ಬಿಕ್ಕಟ್ಟಿನ ಬಳಿಕ, ಷರತ್ತು ಬದಲಿಸಿ ಮುಂದುವರಿಸಿದ ಎಷ್ಟೋ ಸಾಲಗಳನ್ನು ಒಳ್ಳೆಯ ಸಾಲಗಳ ಪಟ್ಟಿಯಲ್ಲೇ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕು ಬಿಟ್ಟಿತು. ಈ ಸಡಿಲಿಕೆ ಮುಗಿದದ್ದು 2015ರ ಏಪ್ರಿಲಿನಲ್ಲಿ. ಅದೇ ವರ್ಷ ಬ್ಯಾಂಕುಗಳ ಪುಸ್ತಕಗಳನ್ನು ಬಿಗಿಯಾಗಿ ಪರಿಶೀಲಿಸಲಾಯಿತು. 2018ರ ಮಾರ್ಚ್ ಹೊತ್ತಿಗೆ ಇಂತಹ ಸಾಲಗಳ ಪಾಲು ಒಟ್ಟು ಸಾಲದ ಶೇ. 11ನ್ನು ದಾಟಿತ್ತು. ಎಲ್ಲಕ್ಕೂ ಸೈರಣೆಯೇ ಕಾರಣವೆನ್ನಲಾಗದು. ಆದರೆ ಜ್ವರ ಬಂದವನ ಥರ್ಮಾಮೀಟರನ್ನು ಏಳು ವರ್ಷ ಡ್ರಾಯರಿನಲ್ಲಿ ಇಟ್ಟದ್ದಂತೂ ನಿಜ. 2020–21ರ ಆರ್ಥಿಕ ಸಮೀಕ್ಷೆ ಇಂತಹ ಸಡಿಲಿಕೆಯನ್ನು ತುರ್ತು ಔಷಧಿಗೆ ಹೋಲಿಸಿ, ಅದು ದಿನದ ಊಟವಾಗಬಾರದೆಂದು ಎಚ್ಚರಿಸಿತು.

ನಿಮ್ಮಲ್ಲಿ ಹಲವರು ಮೊದಲು ಎದುರಿಸುವುದು ವಿದ್ಯಾಭ್ಯಾಸದ ಸಾಲವನ್ನು. ಓದು ಮುಗಿಯುವವರೆಗೆ, ಆನಂತರ ಸಾಮಾನ್ಯವಾಗಿ ಒಂದು ವರ್ಷ ಕಂತು ಇರುವುದಿಲ್ಲ. ಬಡ್ಡಿ ಮಾತ್ರ ಓದುವಾಗಲೂ ಬೆಳೆಯುತ್ತಿರುತ್ತದೆ. ಕಡಿಮೆ ವರಮಾನದ ಕುಟುಂಬಗಳ ವಿದ್ಯಾರ್ಥಿಗಳ ಪರವಾಗಿ ಈ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ 2009ರಲ್ಲಿ ಆರಂಭವಾಯಿತು. ಅದಕ್ಕೆ ವರಮಾನದ ಪ್ರಮಾಣಪತ್ರ ಬೇಕು. ಸಾಲಪತ್ರಕ್ಕೆ ಸಹಿ ಮಾಡುವ ಮುನ್ನ ಮ್ಯಾನೇಜರರನ್ನು ಎರಡು ಪ್ರಶ್ನೆ ಕೇಳಿ: ಈ ಬಿಡುವಿನ ಬಡ್ಡಿ ಸರಳವೋ ಚಕ್ರವೋ? ಅದು ಅಸಲಿಗೆ ಸೇರುವುದು ಯಾವ ದಿನದಿಂದ?