ಬೆಲುಂ ಗುಹೆ: ನೀರು ರಚಿಸಿದ ನೆಲಮಾಳಿಗೆ

ಯುಗಾದಿಯ ಸಮಯದಲ್ಲಿ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಕಂಬಿಗಳನ್ನು ಹೊತ್ತು ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ತೆರಳುವುದು ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಶ್ರೀ ಮಲ್ಲಿಕಾರ್ಜುನನ ದರ್ಶನಾಕಾಂಕ್ಷಿಗಳು ದಾಟಿಹೋಗುವ ಆ ಕರ್ನೂಲು ಸೀಮೆಯ ನೆಲದಡಿಯಲ್ಲಿ ಪ್ರಕೃತಿಯೇ ನಿರ್ಮಿಸಿದ ಭವ್ಯ ಸೌಧವೊಂದಿದೆ ಎಂಬುದು ಬಹುಜನರಿಗೆ ತಿಳಿಯದು. ಇಂದಿನ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿರುವ ಬೆಲುಂ ಗುಹೆಯೇ ಅದು. 'ಬಿಲ' ಎಂಬ ಸಂಸ್ಕೃತ ಶಬ್ದದಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಮೇಲೆ ನಿಂತು ನೋಡಿದರೆ ಸಮತಟ್ಟಾದ ಭೂಮಿ. ಅದರಲ್ಲಿ ಬಾವಿಗಳಂತೆ ಕಾಣುವ ಮೂರು ಕುಳಿಗಳು. ನಡುವಿನ ಕುಳಿಯ ಮೆಟ್ಟಿಲುಗಳನ್ನಿಳಿದರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ.

ಈ ಸೌಧದ ಶಿಲ್ಪಿ ಯಾರು? ನೀರು. ಇಲ್ಲಿಯ ಸುಣ್ಣಕಲ್ಲು 50 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಶೇಖರಗೊಂಡದ್ದು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಕಲ್ಲಿನಂತೆ ಇದೂ ಪದರು ಪದರಾಗಿದ್ದು, ನಡುನಡುವೆ ನೆಟ್ಟನೆಯ ಬಿರುಕುಗಳಿವೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಈ ನೀರು ಬಿರುಕಿನೊಳಗೆ ಇಳಿದಾಗ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟು ಬೈಕಾರ್ಬೊನೇಟಾಗಿ ಕರಗಿ ನೀರಿನೊಡನೆ ಹರಿದುಹೋಗುತ್ತದೆ. ಕೂದಲೆಳೆಯಂಥ ಬಿರುಕು ಹೀಗೆ ಅಗಲವಾಗಿ ಕಾಲುವೆಯಾಗುತ್ತದೆ, ಕಾಲುವೆ ಗುಹೆಯಾಗುತ್ತದೆ. ಅಂತರ್ಜಲದ ಮಟ್ಟ ಕೆಳಗಿಳಿದಂತೆ ಮೇಲಿನ ದಾರಿಗಳು ಬರಿದಾಗಿ ಉಳಿಯುತ್ತವೆ.

ಕೊರೆದ ನೀರೇ ಮರಳಿ ಕಟ್ಟುವುದು ಈ ಪ್ರಕ್ರಿಯೆಯ ವೈಶಿಷ್ಟ್ಯ. ಸುಣ್ಣವನ್ನು ಹೊತ್ತ ಹನಿ ಗುಹೆಯ ಛಾವಣಿಯಲ್ಲಿ ತೂಗಿ ನಿಂತಾಗ ಅದರೊಳಗಿನ ಅನಿಲ ಹೊರಹೋಗಿ, ಕರಗಿದ್ದ ಸುಣ್ಣ ಪುನಃ ಕಲ್ಲಾಗುತ್ತದೆ. ಮೇಲಿನಿಂದ ಇಳಿಯುವ ಕಲ್ಲು ಸ್ಟಾಲಕ್ಟೈಟ್. ಕೆಳಗಿನಿಂದ ಏಳುವುದು ಸ್ಟಾಲಗ್ಮೈಟ್. ಇವು ಒಂದು ಸೆಂಟಿಮೀಟರಿನಷ್ಟು ಬೆಳೆಯಲು ಅನೇಕ ವೇಳೆ ಒಂದು ಶತಮಾನವೇ ಬೇಕು. ಬೆಲುಮಿನ ಒಂದು ಭಾಗದಲ್ಲಿ ಇಂತಹ ಅಸಂಖ್ಯ ರಚನೆಗಳು ಲಿಂಗಾಕಾರದಲ್ಲಿ ತೋರುವುದರಿಂದ ಜನರು ಅದನ್ನು 'ಕೋಟಿಲಿಂಗಗಳು' ಎಂದು ಕರೆದಿದ್ದಾರೆ. ಸುಮಾರು 46 ಮೀಟರು ಆಳದಲ್ಲಿರುವ 'ಪಾತಾಳಗಂಗೆ'ಯಲ್ಲಿ ಇಂದಿಗೂ ಸಣ್ಣ ತೊರೆಯೊಂದು ಹರಿದು ಕಲ್ಲಿನೊಳಗೆ ಮರೆಯಾಗುತ್ತದೆ.

ಪೂರ್ವದಲ್ಲಿ ಜೈನ ಮತ್ತು ಬೌದ್ಧ ಭಿಕ್ಷುಗಳಿಗೆ ಆಶ್ರಯವಾಗಿದ್ದ ಈ ಗುಹೆಯನ್ನು 1884ರಲ್ಲಿ ದಾಖಲೆಗೆ ತಂದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿಯ ಸುತ್ತಿನ ಬೆಟ್ಟಗಳಲ್ಲಿ ನವಶಿಲಾಯುಗದ ನೆಲೆಗಳನ್ನು ಗುರುತಿಸಿದ ವಿದ್ವಾಂಸನೂ ಇವನೇ ಆದುದರಿಂದ ಕನ್ನಡಿಗರು ಇವನಿಗೆ ಋಣಿಗಳು. ಅನಂತರ ಸುಮಾರು ಒಂದು ಶತಮಾನ ಕಾಲ ಗುಹೆ ವಿಜ್ಞಾನಿಗಳ ಗಮನಕ್ಕೆ ದೂರವಾಗಿಯೇ ಉಳಿಯಿತು. 1982 ಮತ್ತು 1983ರಲ್ಲಿ ಜರ್ಮನಿಯ ಡೇನಿಯಲ್ ಗೆಬಾಯರ್ ಮತ್ತು ಸಂಗಡಿಗರು ಒಳಹೊಕ್ಕು ವಿವರವಾದ ಅಳತೆ ಮಾಡಿದರು. ಗುಹೆಯ ಉದ್ದ 3,229 ಮೀಟರುಗಳೆಂದು ಗೊತ್ತಾಗಿದೆ. ಮೇಘಾಲಯದ ಗುಹೆಗಳನ್ನು ಬಿಟ್ಟರೆ ಇಷ್ಟು ದೀರ್ಘವಾದ ಗುಹೆ ನಮ್ಮ ನಾಡಿನಲ್ಲಿ ವಿರಳ.

ಆದರೆ ಇದೇ ಕಾಲದಲ್ಲಿ ಸುತ್ತಲಿನ ವಸತಿಗಳ ಕಸವನ್ನು ಈ ಗುಹೆಯೊಳಗೆ ಸುರಿಯಲಾಗುತ್ತಿತ್ತು ಎಂಬುದು ವಿಷಾದದ ಸಂಗತಿ. ಇದು ಕೇವಲ ಸೌಂದರ್ಯಕ್ಕೆ ಒದಗಿದ ಕುಂದಲ್ಲ. ಮರಳು ಮಣ್ಣುಗಳಲ್ಲಿ ಇಂಗುವ ನೀರು ಮೆಲ್ಲಮೆಲ್ಲನೆ ಸೋಸಿ ಇಳಿಯುತ್ತದೆ. ಸುಣ್ಣಕಲ್ಲಿನ ನಾಡಿನಲ್ಲಿ ಹಾಗಲ್ಲ. ಅಲ್ಲಿ ಗುಹೆಯೂ ಬಿರುಕೂ ನೀರಿನ ರಾಜಮಾರ್ಗಗಳು. ಕುಳಿಯಲ್ಲಿ ಚೆಲ್ಲಿದ ಕೊಳೆ ಸೋಸದೆ ನೇರವಾಗಿ ಅಂತರ್ಜಲವನ್ನು ಸೇರಿ, ಬೇರೆಲ್ಲೋ ಕುಡಿಯುವ ಬಾವಿಯಲ್ಲಿ ತಲೆದೋರಬಲ್ಲದು. ನಮ್ಮ ಕಣ್ಣಿಗೆ ಮರೆಯಾದ ಮಾತ್ರಕ್ಕೆ ಕಸ ಇಲ್ಲವಾಗುವುದಿಲ್ಲ.

ಈ ತಪ್ಪನ್ನು ತಿದ್ದಿದವರೂ ಆ ಸೀಮೆಯ ಜನರೇ. ಸ್ಥಳೀಯ ಹಿರಿಯರ ಪ್ರಯತ್ನದಿಂದ 1988ರ ಸುಮಾರಿಗೆ ಗುಹೆಯ ಶುದ್ಧೀಕರಣ ನಡೆದು, 1999ರಲ್ಲಿ ಆಂಧ್ರಪ್ರದೇಶದ ಪ್ರವಾಸೋದ್ಯಮ ನಿಗಮವು ಇದನ್ನು ವಹಿಸಿಕೊಂಡಿತು. ಕಾಲುದಾರಿ, ದೀಪ, ಗಾಳಿಯ ವ್ಯವಸ್ಥೆಗಳೊಡನೆ 2002ರಲ್ಲಿ ಗುಹೆ ಸಾರ್ವಜನಿಕರಿಗೆ ತೆರೆಯಿತು. ಸುಮಾರು ಒಂದೂವರೆ ಕಿಲೋಮೀಟರು ದೂರವನ್ನು ಇಂದು ನಡೆದು ನೋಡಬಹುದು.

ಲಕ್ಷಾಂತರ ವರ್ಷ ಹನಿ ಹನಿಯಾಗಿ ನಡೆದ ಕಾಯಕದ ಫಲವನ್ನು ಮನುಷ್ಯ ಕೆಲವೇ ವರ್ಷಗಳಲ್ಲಿ ಕೆಡಿಸಬಲ್ಲ. ಎಚ್ಚೆತ್ತರೆ ತನ್ನ ಕೈಯಿಂದಲೇ ಉಳಿಸಿಕೊಳ್ಳಲೂ ಬಲ್ಲ. ನಮ್ಮ ವಿದ್ಯಾರ್ಥಿಗಳನ್ನು ಶ್ರೀಶೈಲ ಯಾತ್ರೆಗೆ ಕರೆದೊಯ್ಯುವ ಗುರುಗಳು ಬೆಲುಮಿಗೂ ಒಂದು ದಿನವನ್ನು ಮೀಸಲಿಡಲಿ. ಪಾತಾಳಗಂಗೆಯ ಆ ತೊರೆಯ ಬಳಿ ನಿಂತ ಬಾಲಕನು ತನ್ನೂರಿನ ಹಾಳುಬಾವಿಗೆ ಕಸ ಸುರಿಯುವ ಮುನ್ನ ಖಂಡಿತವಾಗಿಯೂ ಒಮ್ಮೆ ಯೋಚಿಸುವನು.